ನೂರು ಮಣಿಗಳ ಜಪಮಾಲೆ

ಟಿಬೆಟ್ಟಿನ ಚಾಂಗ್‌ತಾಂಗ್ ಪ್ರಸ್ಥಭೂಮಿಯ ನಕ್ಷೆಯನ್ನು ಹರಡಿಕೊಂಡು ಕುಳಿತರೆ ಮೊದಲು ಕಣ್ಣಿಗೆ ಬೀಳುವುದು ನೀಲಿ. ಪಶ್ಚಿಮಕ್ಕೆ, ಲಡಾಖಿನಿಂದ ಒಳಕ್ಕೆ ಚಾಚಿದ ಪಾಂಗಾಂಗ್. ಪೂರ್ವಕ್ಕೆ, 4,700 ಮೀಟರಿಗೂ ಎತ್ತರದಲ್ಲಿ ಮಲಗಿರುವ ನಾಮ್‌ತ್ಸೋ. ನಡುವೆ ನಮ್ಮ ನಾಲಗೆಗೆ ಒಗ್ಗದ ಹೆಸರುಗಳ ಹತ್ತಾರು ಉಪ್ಪುನೀರ ಸರೋವರಗಳು. ಸುತ್ತಲೂ ಸಮೋನ್ನತಿ ರೇಖೆಗಳು ಒತ್ತೊತ್ತಾಗಿ ಹೆಣೆದುಕೊಂಡಿವೆ. ಊರುಗಳು ಅತಿ ವಿರಳ. ಇಂದು ಇಂಥ ನಕ್ಷೆಗೆ ಉಪಗ್ರಹದ ಕಣ್ಣು ಸಾಕು. ಸುಮಾರು ನೂರೈವತ್ತು ವರ್ಷಗಳ ಹಿಂದೆ ಈ ಸರೋವರಗಳ ಸಾಲನ್ನು ಅಳೆದವನು ಕುಮಾವೂಂ ಸೀಮೆಯ ಮಿಲಮ್ ಗ್ರಾಮದ ಶಾಲಾ ಉಪಾಧ್ಯಾಯ ನೈನ್ ಸಿಂಗ್ ರಾವತ್.

ಟಿಬೆಟ್ ಆಗ ಐರೋಪ್ಯರಿಗೆ ಮುಚ್ಚಿದ ನಾಡು. ಆದುದರಿಂದ ಬ್ರಿಟಿಷ್ ಸರ್ವೇಕ್ಷಣ ಇಲಾಖೆಯ ಮಾಂಟ್‌ಗೊಮರಿ ಗುಡ್ಡಗಾಡಿನ ಜನರನ್ನೇ ತರಬೇತು ಮಾಡಿ ಯಾತ್ರಿಕರ ವೇಷದಲ್ಲಿ ಕಳುಹಿದನು. ಜಪಮಾಲೆಗೆ 108 ಮಣಿಗಳೆಂಬುದು ಶಾಸ್ತ್ರ. ನೈನ್ ಸಿಂಗನ ಮಾಲೆಯಲ್ಲಿದ್ದುದು 100. ನೂರು ಹೆಜ್ಜೆಗೆ ಒಂದು ಮಣಿ. ಮಾಲೆ ಒಂದು ಸುತ್ತು ಬಂದಿತೆಂದರೆ 10,000 ಹೆಜ್ಜೆ, ಸುಮಾರು ಐದು ಮೈಲಿ. ಪ್ರಾರ್ಥನಾಚಕ್ರದೊಳಗೆ ಮಂತ್ರದ ಸುರುಳಿಗೆ ಬದಲು ಲೆಕ್ಕದ ಚೀಟಿ. ಕವಡೆಗಳಲ್ಲಿ ಪಾದರಸ, ಇರುಳಿನಲ್ಲಿ ಅದನ್ನು ಬಟ್ಟಲಿಗೆ ಸುರಿದರೆ ಅಲುಗದ ಕನ್ನಡಿ, ಅದರಲ್ಲಿ ನಕ್ಷತ್ರದ ಎತ್ತರ ಅಳೆಯಬಹುದು. ಊರುಗೋಲಿನಲ್ಲಿ ಉಷ್ಣಮಾಪಕ. ಎತ್ತರಕ್ಕೆ ಹೋದಂತೆ ನೀರು ಬೇಗ ಕುದಿಯುತ್ತದಷ್ಟೆ. ಚಹಾ ಕಾಯಿಸುವ ನೆವದಲ್ಲಿಯೇ ಬೆಟ್ಟದ ಎತ್ತರ ಸಿಕ್ಕಿಬಿಡುತ್ತಿತ್ತು. ಆದರೆ ಒಂದು ಡಿಗ್ರಿ ತಪ್ಪಿದರೆ ಸುಮಾರು ಸಾವಿರ ಅಡಿ ತಪ್ಪುತ್ತದೆ!

1874ರ ಜುಲೈನಲ್ಲಿ ಲೇಹ್ ಬಿಟ್ಟು, ಕುರಿಗಳ ಬೆನ್ನ ಮೇಲೆ ಸಾಮಾನು ಹೇರಿ, ಸರೋವರದಿಂದ ಸರೋವರಕ್ಕೆ ಎಣಿಸುತ್ತ ನಡೆದು ಆತ ನವೆಂಬರಿನಲ್ಲಿ ಲಾಸಾ ಸೇರಿದನು. 1875ರ ಮಾರ್ಚಿಯಲ್ಲಿ ಅಸ್ಸಾಮಿಗೆ ಇಳಿದನು. ಆತನ ಸೋದರಬಂಧು ಕಿಶನ್ ಸಿಂಗನದು ಇನ್ನೂ ವಿಚಿತ್ರ ಕಥೆ. ಮತ್ತೊಂದು ಯಾತ್ರೆಯಲ್ಲಿ ಕುದುರೆಯೇರಲೇಬೇಕಾಗಿ ಬಂದಾಗ ಆತ ಕುದುರೆಯ ಹೆಜ್ಜೆಗಳನ್ನೇ ಎಣಿಸಿದನಂತೆ.

1877ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ನೈನ್ ಸಿಂಗನಿಗೆ ಸ್ವರ್ಣಪದಕವನ್ನಿತ್ತಿತು. ಅದು ಸಲ್ಲಬೇಕಾದ ಗೌರವವೇ. ಆದರೂ ಹೊಗಳುವಾಗ ನನ್ನ ಮನಸ್ಸು ತುಸು ತಡೆಯುತ್ತದೆ. ದಾರಿಯ ಜನ ಎಡೆ ಕೊಟ್ಟಿದ್ದು ಜಪಮಾಲೆಯನ್ನು ನಂಬಿ. ಅವರ ಪ್ರಭುಗಳ ಶಂಕೆ ಆಧಾರವಿಲ್ಲದ್ದೂ ಆಗಿರಲಿಲ್ಲ. ಬ್ರಿಟಿಷರಿಗಾಗಿಯೇ ಹೋಗಿದ್ದ ಇನ್ನೊಬ್ಬ ಪಂಡಿತ, ಶರತ್‌ಚಂದ್ರ ದಾಸ್, ಟಿಬೆಟ್ಟಿನಲ್ಲಿ ಸೆಂಗ್‌ಚೆನ್ ಲಾಮಾನ ಆಶ್ರಯ ಪಡೆದಿದ್ದನು. ಆ ತಪ್ಪಿಗೆ 1887ರಲ್ಲಿ ಲಾಮಾನನ್ನು ನದಿಯಲ್ಲಿ ಮುಳುಗಿಸಿ ಕೊಂದರು. 1904ರಲ್ಲಿ ಬ್ರಿಟಿಷ್ ಸೇನೆ ಲಾಸಾವನ್ನು ಹೊಕ್ಕಿತು.