ಎರಡು ನಕ್ಷತ್ರದ ಮನೆ



ಗಾದೆಗಳ ಪಾಠದಲ್ಲಿ ನನ್ನ ಪಾಲಿಗೆ ಬಂದದ್ದು ‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’. ಅರ್ಥ ಬರೆದು ಹತ್ತಕ್ಕೆ ಹತ್ತು ಅಂಕ ತೆಗೆದುಕೊಂಡೆ. ಅದು ನಿಜವಾಗಿ ಅರ್ಥವಾದದ್ದು ಮಾತ್ರ ಹೋದ ವರ್ಷದ ಮಾರ್ಚಿನಲ್ಲಿ.

ಅಕ್ಕನಿಗೆ ಸೆಂಡೈನಲ್ಲಿ ಕಾಲೇಜು ಸೀಟು ಸಿಕ್ಕಿತು. ನಾವಿರುವುದು ಟೋಕಿಯೋದ ನಿಶಿಕಸಾಯ್‌ನಲ್ಲಿ. ಹಾಗಾಗಿ ಅವಳಿಗೆ ಬಾಡಿಗೆ ಮನೆ ಬೇಕಾಯಿತು. 2022ರ ಏಪ್ರಿಲ್‌ನಿಂದ ಜಪಾನಿನಲ್ಲಿ 18 ವರ್ಷಕ್ಕೇ ವಯಸ್ಕರು, ಕರಾರಿಗೆ ಅವಳೇ ಸಹಿ ಹಾಕಬಹುದು. ಆದರೆ ದುಡ್ಡು ಅಪ್ಪನದು. ಶಿಕಿಕಿನ್ ಎಂದರೆ ಬೆಂಗಳೂರಿನ ಅಡ್ವಾನ್ಸ್ ಇದ್ದ ಹಾಗೆ. ರೇಕಿನ್ ಮಾಲೀಕರಿಗೆ ಕೊಡುವ ಕಾಣಿಕೆ, ವಾಪಸ್ ಬರುವುದಿಲ್ಲ. ‘ಮನೆ ಕಟ್ಟಿ ನೋಡು ಅಂತಾರೆ, ಇಲ್ಲಿ ಬಾಡಿಗೆಗೆ ಹಿಡಿದು ನೋಡು’ ಎಂದರು ಅಪ್ಪ.

ಮೊದಲು ಇಷ್ಟವಾದ ಎರಡು ಮನೆಗಳಿಗೆ ಏಜೆಂಟ್ ಫೋನ್ ಮಾಡಿದಾಗ, ವಿದೇಶೀಯರಿಗೆ ಕೊಡುವುದಿಲ್ಲ ಎಂದರು. ಅಕ್ಕ ಹುಟ್ಟಿದ್ದೇ ಇಲ್ಲಿ. 2017ರಲ್ಲಿ ಇಲ್ಲಿನ ನ್ಯಾಯ ಸಚಿವಾಲಯ ಪ್ರಕಟಿಸಿದ ಸಮೀಕ್ಷೆಯಲ್ಲೂ, ಹಿಂದಿನ ಐದು ವರ್ಷಗಳಲ್ಲಿ ಮನೆ ಹುಡುಕಿದ್ದ ವಿದೇಶೀಯರಲ್ಲಿ ನೂರಕ್ಕೆ 39 ಮಂದಿ ಇದೇ ಕಾರಣಕ್ಕೆ ‘ಇಲ್ಲ’ ಎನ್ನಿಸಿಕೊಂಡಿದ್ದರು.

ಮೂರನೆಯದು ಯಾಗಿಯಾಮಾ ಗುಡ್ಡದ ಮೇಲಿನ ಹಳೆಯ ಮನೆ. ಮಾಲೀಕರಮ್ಮ, ‘ಹುಡುಗಿಯನ್ನು ನೋಡಿ ಹೇಳುತ್ತೇನೆ’ ಎಂದಿದ್ದರು. ಆದರೆ ಅದಕ್ಕೆ ಸಿಕ್ಕಿದ್ದದ್ದು ಎರಡೇ ನಕ್ಷತ್ರ, ಏಳು ರಿವ್ಯೂ. ಅಪ್ಪ ಅಮ್ಮನಿಗೆ ಕಾಂಜಿ ಓದಲು ಕಷ್ಟ. ಅಕ್ಕ ಮನೆಯಲ್ಲಿರಲಿಲ್ಲ. ನಾನು ಓದಿ ಕನ್ನಡದಲ್ಲಿ ಹೇಳಿದೆ: ಗೋಡೆ ತೆಳು. ಚಳಿಗಾಲದಲ್ಲಿ ಕಿಟಕಿಯಿಂದ ನೀರು ಇಳಿಯುತ್ತದೆ. ಕಟ್ಟಡ ಹಳೆಯದು. ಸ್ಟೇಷನ್ ದೂರ. ಮಾಲೀಕರಮ್ಮ ಕಸದ ಚೀಲ ಬಿಚ್ಚಿ ನೋಡುತ್ತಾರೆ. ಅಮ್ಮ ‘ಬೇಡವೇ ಬೇಡ’ ಎಂದರು.

ಅಕ್ಕ ಬಂದು ನನ್ನ ಫೋನ್ ತೆಗೆದುಕೊಂಡು ಎಲ್ಲವನ್ನೂ ಓದಿದಳು. ನನ್ನ ಮುಖ ನೋಡಿದಳು, ಏನೂ ಹೇಳಲಿಲ್ಲ. ‘ಹೋಗಿ ನೋಡೋಣ’ ಎಂದಳು, ಅಷ್ಟೇ.

ಹೋದೆವು. ‘ಸ್ಟೇಷನ್ ದೂರ’ ಎಂದವರು ಬರೆದದ್ದು 2013ರಲ್ಲಿ. ಗುಡ್ಡದ ತನಕ ಸುರಂಗ ರೈಲು ಬಂದದ್ದು 2015ರ ಡಿಸೆಂಬರ್‌ನಲ್ಲಿ. ಕಟ್ಟಡ ಹಳೆಯದು, ನಿಜ, 1984ರದ್ದು. ಆದರೆ 1978ರಲ್ಲಿ ಇದೇ ಮಿಯಾಗಿ ಪ್ರಾಂತ್ಯದಲ್ಲಿ ದೊಡ್ಡ ಭೂಕಂಪವಾಗಿ, 1981ರ ಜೂನ್‌ನಲ್ಲಿ ದೇಶದ ಕಟ್ಟಡ ನಿಯಮಗಳು ಬಿಗಿಯಾದವು. ಈ ಮನೆ ಹೊಸ ನಿಯಮದ್ದು, 2011ರ ಭೂಕಂಪವನ್ನೂ ತಡೆದುಕೊಂಡಿದೆ. ಗೋಡೆಗೆ ಕಿವಿ ಇಟ್ಟೆವು. ಪಕ್ಕದ ಮನೆಯ ಟಿವಿ ಕೇಳಿಸಿತು. ಅದು ನಿಜ.

ಮಾಲೀಕರಮ್ಮ ಚೀಲ ಬಿಚ್ಚುವುದೂ ನಿಜ. ಸೆಂಡೈನಲ್ಲಿ ಉರಿಯುವ ಕಸಕ್ಕೆ ಹಸಿರು ಚೀಲ, ಪ್ಲಾಸ್ಟಿಕ್‌ಗೆ ಕೆಂಪು ಚೀಲ. ಬೇರೆ ಮಾಡದೆ ಹಾಕಿದರೆ ಲಾರಿಯವರು ಅಲ್ಲೇ ಬಿಟ್ಟು ಹೋಗುತ್ತಾರೆ. ಎಪ್ಪತ್ತು ದಾಟಿದ ಆಕೆ ಕೈಗವಸು ಹಾಕಿಕೊಂಡು ಬೇರೆ ಮಾಡುತ್ತಾರೆ. ಅಕ್ಕನನ್ನು ಕೇಳಿದ್ದೂ ಒಂದೇ ಪ್ರಶ್ನೆ: ‘ಕಸ ಬೇರೆ ಮಾಡುತ್ತೀಯಾ?’

ಅಕ್ಕ ಅಲ್ಲೇ ಸಹಿ ಹಾಕಿದಳು. ಚಳಿಗಾಲದಲ್ಲಿ ದಿನಾ ಬೆಳಿಗ್ಗೆ ಕಿಟಕಿ ಒರೆಸುತ್ತಾಳೆ.

ವಾಪಸ್ ಬರುವಾಗ ರೈಲಿನಲ್ಲಿ ಆ ಇಬ್ಬರು ಮಾಲೀಕರ ನೆನಪಾಯಿತು. ಅವರೂ ಯಾರೋ ಹೇಳಿದ ರಿವ್ಯೂ ಕೇಳಿಯೇ ನಮಗೆ ‘ಇಲ್ಲ’ ಎಂದಿರಬೇಕು. ನಮ್ಮನ್ನು ಬಂದು ನೋಡಲಿಲ್ಲ. ಅವರ ಮೇಲೆ ನನಗೆ ತುಂಬ ಸಿಟ್ಟಿತ್ತು. ಆದರೆ ಮನೆಯಲ್ಲಿ ಕುಳಿತು ನಾನು ಮಾಡಿದ್ದು ಅದಕ್ಕಿಂತ ಕೆಟ್ಟದ್ದು.

ಅಪ್ಪ, ಅಮ್ಮ, ರಿವ್ಯೂಗಳು ಏಳಿದ್ದವು. ನಾನು ನಿಮಗೆ ಓದಿ ಹೇಳಿದ್ದು ಐದು. ಅಕ್ಕ ಮನೆ ಬಿಟ್ಟು ಹೋಗುವುದು ನನಗೆ ಇಷ್ಟವಿರಲಿಲ್ಲ. ಈ ಶಾಲೆಯಲ್ಲಿ ಹತ್ತು ವರ್ಷ ಕಲಿತ ಕನ್ನಡವನ್ನು ಅವತ್ತು ನಿಮ್ಮಿಂದ ಮುಚ್ಚಿಡುವುದಕ್ಕೆ ಬಳಸಿದೆ. ಅಕ್ಕನಿಗೆ ಗೊತ್ತಿತ್ತು, ಅವಳು ಇವತ್ತಿನವರೆಗೂ ಹೇಳಿಲ್ಲ. ಅದಕ್ಕೇ ಉಳಿದ ಎರಡನ್ನು ಇಲ್ಲಿ ಹೇಳುತ್ತೇನೆ.

ಒಂದು: ‘ಬೆಳಗಿನ ಬಿಸಿಲು ಚೆನ್ನಾಗಿ ಬರುತ್ತದೆ.’

ಇನ್ನೊಂದು: ‘2011ರಲ್ಲಿ ಕರೆಂಟು ಇಲ್ಲದ ರಾತ್ರಿ ಮಾಲೀಕರಮ್ಮ ಎಲ್ಲರ ಬಾಗಿಲು ತಟ್ಟಿ ಅನ್ನದ ಉಂಡೆ ಕೊಟ್ಟರು.’