ಬರ ಮತ್ತು ಬೆಳೆಯ ಜಲಮಿತವ್ಯಯ

ವಿಜಯಪುರ, ಕಲಬುರಗಿ ಜಿಲ್ಲೆಗಳ ಎರೆಭೂಮಿಯಲ್ಲಿ ಹಿಂಗಾರಿ ಜೋಳವನ್ನು ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳಲ್ಲಿ ಬಿತ್ತಲಾಗುತ್ತದೆ. ಅನಂತರ ಮಳೆ ವಿರಳ. ಮುಂಗಾರು ಮಣ್ಣಿನಲ್ಲಿ ಉಳಿಸಿಹೋದ ತೇವವೇ ಬೆಳೆಗೆ ಆಧಾರ. ಹುಲುಸಾಗಿ ಬೆಳೆದ ಪೈರು ತೆನೆ ಬಿಟ್ಟ ಮೇಲೆ ಕಾಳು ಕಟ್ಟದೆ ಒಣಗುವುದು ರೈತನ ಕಹಿ ಅನುಭವ. ಹೀಗಾಗುವುದೇಕೆ?

ನೀರಿನ ಕೊರತೆಯನ್ನು ಸಸ್ಯವು ಸುಮ್ಮನೆ ಸಹಿಸುವುದಿಲ್ಲ. ಮಣ್ಣು ಒಣಗತೊಡಗಿದಂತೆ ಆಬ್ಸಿಸಿಕ್ ಆಮ್ಲವೆಂಬ ಹಾರ್ಮೋನು ಅದರಲ್ಲಿ ಹೆಚ್ಚುತ್ತದೆ. ಇದರಿಂದ ಎಲೆಗಳಲ್ಲಿರುವ ಸೂಕ್ಷ್ಮ ಪತ್ರರಂಧ್ರಗಳು ಮುಚ್ಚಿಕೊಂಡು, ನೀರು ಆವಿಯಾಗಿ ಹೊರಹೋಗುವುದು ತಗ್ಗುತ್ತದೆ. ಜೋಳದ ಎಲೆಗಳು ಸುರುಳಿಗೊಂಡು ಬಿಸಿಲಿನ ತಾಪವನ್ನು ತಪ್ಪಿಸಿಕೊಳ್ಳುತ್ತವೆ. ಜೀವಕೋಶಗಳಲ್ಲಿ ಸಕ್ಕರೆ, ಪ್ರೋಲಿನ್ ಮೊದಲಾದ ವಸ್ತುಗಳು ಶೇಖರಗೊಂಡು ನೀರನ್ನು ಹಿಡಿದಿಡುತ್ತವೆ. ಆದರೆ ಈ ರಕ್ಷಣೆಗೂ ಬೆಲೆಯುಂಟು. ಪತ್ರರಂಧ್ರಗಳು ಮುಚ್ಚಿದಾಗ ಇಂಗಾಲದ ಡೈಆಕ್ಸೈಡ್ ಒಳಸೇರದೆ ಆಹಾರ ತಯಾರಿಕೆ ಕುಗ್ಗುತ್ತದೆ. ಆದ್ದರಿಂದ ಬರದಲ್ಲಿ ಬದುಕುಳಿದ ಗಿಡವೆಲ್ಲ ಫಸಲು ಕೊಡುವ ಗಿಡವಲ್ಲ.

ಫಸಲು ಕೊಡುವ ಗಿಡ ಯಾವುದೆಂಬ ಶೋಧನೆ ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿ ನಡೆದಿದೆ. 1972ರಲ್ಲಿ ಅಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಅರೆಶುಷ್ಕ ಪ್ರದೇಶದ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ. ಮಣ್ಣು ತುಂಬಿದ, ಸುಮಾರು 2 ಮೀಟರ್ ಉದ್ದದ ಕೊಳವೆಗಳಲ್ಲಿ ಜೋಳ, ಸಜ್ಜೆಗಳನ್ನು ಬೆಳೆಸಿ, ಆಗಾಗ ಕೊಳವೆಗಳನ್ನೇ ಎತ್ತಿ ತೂಗಲಾಗುತ್ತದೆ. ತೂಕ ಎಷ್ಟು ಇಳಿಯಿತೋ ಅಷ್ಟು ನೀರು ಖರ್ಚಾಯಿತೆಂದು ಲೆಕ್ಕ. ಈ ಲೈಸಿಮೀಟರ್ ಪದ್ಧತಿಯಿಂದ ತಿಳಿದುಬಂದ ಸಂಗತಿ ಮುಖ್ಯವಾದುದು: ಒಟ್ಟು ಎಷ್ಟು ನೀರು ಹೀರಿತೆಂಬುದಕ್ಕಿಂತ ಯಾವಾಗ ಹೀರಿತೆಂಬುದೇ ಇಳುವರಿಯನ್ನು ಹೆಚ್ಚಾಗಿ ನಿರ್ಣಯಿಸುತ್ತದೆ. ಎಳೆವಯಸ್ಸಿನಲ್ಲಿ ಮಿತವಾಗಿ ನೀರು ಬಳಸಿದ ಗಿಡಕ್ಕೆ ಕಾಳು ತುಂಬುವ ಹೊತ್ತಿಗೆ ತೇವ ಉಳಿದಿರುತ್ತದೆ. ಕೆಲವು ತಳಿಗಳು ನಡುಹಗಲ ಒಣಹವೆಯಲ್ಲಿ ಆವಿಯ ವ್ಯಯವನ್ನು ತಾವೇ ತಗ್ಗಿಸುತ್ತವೆ. ಕೊನೆಯವರೆಗೆ ಎಲೆಯ ಹಸಿರನ್ನು ಕಾಯ್ದುಕೊಳ್ಳುವ ಜೋಳದ ತಳಿಗಳ ಗುಟ್ಟೂ ಬಹುಮಟ್ಟಿಗೆ ಇದೇ. ಅಂಥ ಪೈರಿನ ದಂಟು ಸುಲಭವಾಗಿ ಬೀಳದು. ದನಗಳಿಗೆ ಒಳ್ಳೆಯ ಮೇವೂ ದೊರೆಯುತ್ತದೆ.

ತಳಿಯ ಗುಣಕ್ಕೆ ಬೇಸಾಯದ ಜಾಣ್ಮೆಯೂ ಕೂಡಬೇಕು. ಬದು ಹಾಕಿ ಮಳೆನೀರನ್ನು ಇಂಗಿಸುವುದು, ಸಕಾಲದಲ್ಲಿ ಬಿತ್ತುವುದು, ಗಿಡಗಳನ್ನು ಒತ್ತಾಗಿ ಬೆಳೆಸದಿರುವುದು, ಎಡೆಕುಂಟೆ ಹೊಡೆದು ಕಳೆ ತೆಗೆದು ನೆಲದ ಬಿರುಕು ಮುಚ್ಚುವುದು ಇವೆಲ್ಲ ಗಿಡದ ಮಿತವ್ಯಯಕ್ಕೆ ರೈತನು ನೀಡುವ ನೆರವು. ಬಿತ್ತನೆಯ ದಿನಗಳಲ್ಲಿ ಉಳಿಸಿದ ತೇವವೇ ಸುಗ್ಗಿಯಲ್ಲಿ ಕಾಳಾಗಿ ಕೈಸೇರುತ್ತದೆ.