ಹೆಸರು ಮುಚ್ಚಿದರೆ ಸಾಕೆ?



ಅಂಕಪಟ್ಟಿ ಕೈಗೆ ಬಂದಾಗ ವಿದ್ಯಾರ್ಥಿಯ ಮನಸ್ಸಿನಲ್ಲಿ ಏಳುವ ಪ್ರಶ್ನೆ ಒಂದೇ: ‘ನನಗೆ ನ್ಯಾಯ ಸಿಕ್ಕಿತೆ?’ ಈ ಪ್ರಶ್ನೆ ಬಹಳ ಹಳೆಯದು.

ಸುಮಾರು ಸಾವಿರ ವರ್ಷಗಳ ಹಿಂದೆ, ಚೀನಾದ ಸೊಂಗ್ ಅರಸರ ಕಾಲದಲ್ಲಿ, ಅಧಿಕಾರಿಗಳನ್ನು ಆರಿಸುವ ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಅಭ್ಯರ್ಥಿಯ ಹೆಸರನ್ನು ಮುಚ್ಚುತ್ತಿದ್ದರು. ಕೈಬರಹದಿಂದಲೂ ಗುರುತು ಸಿಗಬಾರದೆಂದು ನಕಲುಗಾರರಿಂದ ಇಡೀ ಉತ್ತರವನ್ನು ಮತ್ತೆ ಬರೆಯಿಸಿ, ಆ ಪ್ರತಿಯನ್ನು ಪರೀಕ್ಷಕರಿಗೆ ಕೊಡುತ್ತಿದ್ದರು. ಇಂದು ಉತ್ತರಪತ್ರಿಕೆಗಳಿಗೆ ಸಂಕೇತ ಸಂಖ್ಯೆ ಕೊಡುವುದರ ಹಿಂದೆ ಇರುವುದೂ ಇದೇ ಯುಕ್ತಿ.

ಹೆಸರು ಮುಚ್ಚಿದರೆ ಪಕ್ಷಪಾತ ತಪ್ಪೀತು. ಪರೀಕ್ಷಕನ ಚಂಚಲತೆ ತಪ್ಪುವುದಿಲ್ಲ. ಢಾಕಾ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿದ್ದ ಫಿಲಿಪ್ ಹಾರ್ಟಾಗ್, ಇ.ಸಿ. ರೋಡ್ಸ್ ಜೊತೆಗೂಡಿ 1935ರಲ್ಲಿ ಇಂಗ್ಲೆಂಡಿನಲ್ಲಿ ಒಂದು ವರದಿ ಪ್ರಕಟಿಸಿದರು. ಇತಿಹಾಸದ 15 ಉತ್ತರಪತ್ರಿಕೆಗಳನ್ನು 14 ಪರೀಕ್ಷಕರು ತಿದ್ದಿದರು. ವರ್ಷ ಕಳೆದ ಮೇಲೆ ಅವೇ ಪತ್ರಿಕೆಗಳನ್ನು ಅವರೇ ಮತ್ತೆ ತಿದ್ದಿದರು. ಒಟ್ಟು 210 ತೀರ್ಪುಗಳಲ್ಲಿ 92 ಬದಲಾದವು! ಪಾಸು, ನಪಾಸು, ಉತ್ತಮ ದರ್ಜೆ ಎಂಬ ತೀರ್ಪೇ ಬೇರೆಯಾಯಿತು. ವಿದ್ಯಾರ್ಥಿಯ ಪಾಲಿಗೆ ಇದು ಒಂದು ವರ್ಷದ ಬದುಕಿನ ಪ್ರಶ್ನೆ.

ಹಾಗಾದರೆ ಉತ್ತರದ ರೂಪವನ್ನೇ ಬಿಗಿ ಮಾಡೋಣವೆ? ಚೀನೀಯರು ಅದನ್ನೂ ಮಾಡಿದರು. ಮಿಂಗ್, ಚಿಂಗ್ ಅರಸರ ಕಾಲದಲ್ಲಿ ಎಂಟು ಭಾಗಗಳ ಪ್ರಬಂಧ ಕಡ್ಡಾಯವಾಯಿತು. ತಿದ್ದುವುದು ಸುಲಭವಾಯಿತು, ಆದರೆ ಅಭ್ಯರ್ಥಿಗಳು ವಿಷಯಕ್ಕಿಂತ ಆ ಚೌಕಟ್ಟನ್ನೇ ಉರುಹೊಡೆದರು. ಆ ಪರೀಕ್ಷಾ ಪದ್ಧತಿಯೇ 1905ರಲ್ಲಿ ರದ್ದಾಯಿತು.

ನಮ್ಮಲ್ಲಿ 1857ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸು ವಿಶ್ವವಿದ್ಯಾಲಯಗಳು ಲಂಡನ್ ಮಾದರಿಯಲ್ಲಿ ಹುಟ್ಟಿದವು. ಪಾಠ ಕಾಲೇಜಿನದು, ಪರೀಕ್ಷೆ ವಿಶ್ವವಿದ್ಯಾಲಯದ್ದು. ಕಲಿಸುವವರೊಬ್ಬರು, ಪ್ರಶ್ನೆ ಕೇಳುವವರು ಇನ್ನೊಬ್ಬರು. ಈ ಅಂತರದಲ್ಲಿ ಗೈಡುಗಳೂ ‘ಬರಬಹುದಾದ ಪ್ರಶ್ನೆ’ಗಳೂ ಬೆಳೆದವು.

ಆದ್ದರಿಂದ ನ್ಯಾಯ ತಿದ್ದುವ ಮೇಜಿನಲ್ಲಲ್ಲ, ಪ್ರಶ್ನೆ ಬರೆಯುವಾಗಲೇ ಆರಂಭವಾಗಬೇಕು. 1830–31ರ ನಗರದ ರೈತ ದಂಗೆಯ ಕಾರಣಗಳನ್ನು ಬರೆಯಿರಿ ಎಂದರೆ ನೆನಪಿನ ಪರೀಕ್ಷೆಯಾಗುತ್ತದೆ. ಒಬ್ಬ ಅಧಿಕಾರಿಯ ವರದಿಯನ್ನೂ ರೈತರ ದೂರನ್ನೂ ಮುಂದಿಟ್ಟು, ಯಾವುದನ್ನು ಎಷ್ಟು ನಂಬಬಹುದು, ಏಕೆ ಎಂದು ಕೇಳಿದರೆ ಇತಿಹಾಸದ ಪರೀಕ್ಷೆಯಾಗುತ್ತದೆ. ಕಾರಣಕ್ಕೆ ಎಷ್ಟು ಅಂಕ, ಆಧಾರಕ್ಕೆ ಎಷ್ಟು ಎಂಬುದನ್ನು ಪ್ರಶ್ನೆಯ ಜೊತೆಗೇ ಬರೆದಿಡಬೇಕು. ವಿದ್ಯಾರ್ಥಿಗೂ ಮೊದಲೇ ತಿಳಿಸಬೇಕು. ಪರೀಕ್ಷಕರು ಕೆಲವು ಪತ್ರಿಕೆಗಳನ್ನು ಒಟ್ಟಿಗೆ ಕುಳಿತು ತಿದ್ದಿ, ಅಳತೆಗೋಲು ಸರಿಹೊಂದಿಸಿಕೊಂಡು ಮುಂದುವರಿಯಬೇಕು. ಮೂರು ಗಂಟೆಯ ಒಂದೇ ಬರಹಕ್ಕೆ ಇಡೀ ವರ್ಷವನ್ನು ಕಟ್ಟಿಹಾಕಬಾರದು.

ಕೊನೆಗೆ, ತಿದ್ದಿದ ಪತ್ರಿಕೆ ವಿದ್ಯಾರ್ಥಿಯ ಕೈಗೆ ಮರಳಬೇಕು. ಅಂಕ ಕಡಿಮೆಯಾದದ್ದು ಏಕೆಂದು ತಿಳಿದವನು ಮುಂದಿನ ಸಲ ಕಲಿಯುತ್ತಾನೆ. ತಿಳಿಯದವನು ಅದೃಷ್ಟವನ್ನು ಹಳಿಯುತ್ತಾನೆ.